ಅಕ್ಕನ ಪಾಠ, ಹಿಂದಿನ ಬೆಂಚಿನ ನಿದ್ದೆ

ಬೆಳಿಗ್ಗೆ ಶುರುವಾದ ಸೊಂಟನೋವನ್ನು ಅಕ್ಕ ತನ್ನ ಮುರುಕಲು ಕುರ್ಚಿಯ ತಲೆಗೆ ಕಟ್ಟಿದಳು. ಏಳು ತಿಂಗಳು ತುಂಬಿದ ಹೊಟ್ಟೆ ಹೊತ್ತು ಅಂಥ ಕುರ್ಚಿಯಲ್ಲಿ ಕೂತರೆ ಇನ್ನೇನಾದೀತು?

ಹೆರಿಗೆ ಆಸ್ಪತ್ರೆಗೆ ಬರುವ ಬಸುರಿಯರಿಗೆ ಪಾಠ ಹೇಳುವುದು ಅವಳ ಕೆಲಸ. ದಿನ ತುಂಬುವ ಮೊದಲೇ ಹೊಟ್ಟೆ ಆಗಾಗ ಕಲ್ಲಿನಂತಾದರೆ, ಸೊಂಟ ಬಿಟ್ಟು ಬಿಟ್ಟು ನೋಯುತ್ತಿದ್ದರೆ, ಕೆಳಗೆ ಒತ್ತಿದಂತಾದರೆ, ನೀರೋ ರಕ್ತವೋ ಕಂಡರೆ, ಯಾವುದೇ ಒಂದಾದರೂ ಸಾಕು, ಓಡಿ ಬನ್ನಿ ಎಂದು ಐದು ವರ್ಷದಿಂದ ಹೇಳುತ್ತಿದ್ದಳು. ಊರಿಗೆಲ್ಲ ದೀಪ ಹಿಡಿದವಳ ಬುಡದಲ್ಲೇ ಕತ್ತಲು.

ಹಾಗಂತ ಡಾಕ್ಟರಮ್ಮನ ಹತ್ತಿರ ಹೋಗದವಳೇನಲ್ಲ. ಹೋದ ವಾರ ಇಂಥದ್ದೇ ನೋವೆಂದು ಹೋಗಿ, ಏನೂ ಇಲ್ಲವೆನ್ನಿಸಿಕೊಂಡು ಬಂದಿದ್ದಳು. ಔಷಧಿ ಕೌಂಟರಿನವನು "ಪಾಠ ಮಾಡೋರೇ ಹೆದರಿದ್ರೆ ಹೇಗಕ್ಕ?" ಎಂದು ನಾಲ್ಕು ಜನರೆದುರು ನಕ್ಕಿದ್ದ. ಇನ್ನೊಮ್ಮೆ ನಗೆಪಾಟಲಾಗಲು ಅವಳು ತಯಾರಿರಲಿಲ್ಲ.

ಇವತ್ತು ಅದೇ ಕೌಂಟರಿನವನು ಗ್ಯಾಸು ಎಂದ. ಕಾವಲುಗಾರ ಬೇರೆ ಕುರ್ಚಿ ತಂದುಕೊಟ್ಟ. ಆಯಾ ಮಾತ್ರ ಒಮ್ಮೆ ತೋರಿಸಿಬಿಡು ಎಂದಳು. ಮಧ್ಯಾಹ್ನದ ಪಾಠ ಮುಗಿಯಲಿ ಎಂದು ಅಕ್ಕ ತರಗತಿಗೆ ನಡೆದಳು.

ಹಿಂದಿನ ಬೆಂಚಿನಲ್ಲಿ ತರಕಾರಿಯವಳು ಆಗಲೇ ಗೋಡೆಗೆ ಒರಗಿದ್ದಳು. ಇದು ಅವಳ ಮೂರನೇ ಬಸಿರು; ಪಾಠ ಶುರುವಾದರೆ ಸಾಕು, ಗೊರಕೆ. ಅಕ್ಕ ಬೈದು ಬೈದು ಸೋತಿದ್ದಳು.

ಐದು ನಿಮಿಷ ಮಾತಾಡುವಷ್ಟರಲ್ಲಿ ಅಕ್ಕನ ಹೊಟ್ಟೆ ಬಿಗಿಯಿತು. ಗೋಡೆಯ ಚಿತ್ರಪಟ ನೋಡುವವಳಂತೆ ಮೇಜು ಹಿಡಿದು ನಿಂತಳು. ಮುಂದಿನ ಸಲ ನೀರು ಕುಡಿದಳು. ಅದರ ಮುಂದಿನ ಸಲ ಕೈಯಲ್ಲೇ ಇದ್ದ ಸೀಮೆಸುಣ್ಣ ಹುಡುಕಿದಳು. "ಗಂಟೆಗೆ ಆರು ಸಲ ಹೊಟ್ಟೆ ಬಿಗಿದ್ರೆ ಒಂದು ನಿಮಿಷಾನೂ ತಡ ಮಾಡ್ಬೇಡಿ" ಎಂದವಳೇ ಮತ್ತೆ ಮೇಜು ಹಿಡಿದಳು. ಮುಂದಿನ ಸಾಲಿನವರು ತಲೆ ಎತ್ತದೆ ಬರೆದುಕೊಂಡರು.

ಅಷ್ಟರಲ್ಲಿ ತರಕಾರಿಯವಳು ಎದ್ದು ಬಾಗಿಲ ಕಡೆ ಹೊರಟಳು. ಪಾಠ ಮುಗಿದಿಲ್ಲ, ಕೂತುಕೊಳ್ಳಿ ಎಂದು ಅಕ್ಕ ಗದರಿದರೂ ತಿರುಗಿ ನೋಡಲಿಲ್ಲ. ಎರಡೇ ನಿಮಿಷದಲ್ಲಿ ಡಾಕ್ಟರಮ್ಮನನ್ನು ಕೈಹಿಡಿದು ಎಳೆದುಕೊಂಡು ಬಂದಳು.

ಪರೀಕ್ಷೆ ಮಾಡಿದ ಡಾಕ್ಟರಮ್ಮ ನಗಲಿಲ್ಲ. "ಹೆರಿಗೆ ನೋವೇ ಶುರುವಾಗಿದೆ. ಸಂಜೆವರೆಗೆ ಕಾದಿದ್ರೆ ತಡೆಯೋದು ಕಷ್ಟ ಆಗ್ತಿತ್ತು" ಎಂದರು. ಹತ್ತು ಸಲ ಬಂದು ಏನೂ ಇಲ್ಲವೆನ್ನಿಸಿಕೊಂಡರೂ ಹನ್ನೊಂದನೇ ಸಲ ಬರಬೇಕೆಂದು ಬೈದರು. ಅದು ಅಕ್ಕನ ಪಾಠದ್ದೇ ವಾಕ್ಯ. ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಸಂಜೆಗೆ ನೋವು ಹಿಡಿತಕ್ಕೆ ಬಂತು. ಯಂತ್ರದಲ್ಲಿ ಮಗುವಿನ ಎದೆಬಡಿತ ಕೇಳಿ, ಇದನ್ನು ಮರ್ಯಾದೆಗಾಗಿ ಪಣಕ್ಕಿಟ್ಟೆನಲ್ಲ ಎಂದು ಅಕ್ಕ ಅತ್ತುಬಿಟ್ಟಳು.

ಪಕ್ಕದಲ್ಲಿ ತರಕಾರಿಯವಳು ಕೂತಿದ್ದಳು. ಅಕ್ಕ ಅವಳ ಕೈ ಹಿಡಿದು, "ನಿದ್ದೇಲೂ ನನ್ನ ಪಾಠ ನಿಮ್ಮ ಕಿವಿಗೆ ಬಿದ್ದಿತ್ತಲ್ಲ, ಅಷ್ಟೇ ಸಾಕು" ಎಂದಳು.

"ಪಾಠ ಯಾರು ಕೇಳ್ತಾರಕ್ಕ? ನೀವು ಮಾತಾಡ್ತಾ ಇದ್ರೆ ನಂಗೆ ಒಳ್ಳೆ ನಿದ್ದೆ. ಮಾತು ನಿಂತ್ರೆ ಎಚ್ಚರ ಆಗುತ್ತೆ. ಇವತ್ತು ಐದಾರು ಸಲ ಎಚ್ಚರ ಆಯ್ತು, ಪ್ರತಿ ಸಲಾನೂ ನೀವು ಮೇಜು ಹಿಡ್ಕೊಂಡು ನಿಂತಿದ್ರಿ. ಎರಡು ಹೆತ್ತೋಳಿಗೆ ಅಷ್ಟೂ ಗೊತ್ತಾಗಲ್ವಾ?"



ತರಕಾರಿಯವಳು ಕುರ್ಚಿಯನ್ನು ಗೋಡೆಗೆ ಸರಿಸಿ, ತಲೆ ಆನಿಸಿ, ಕಣ್ಣು ಮುಚ್ಚಿದಳು. "ಈಗ ಒಂಚೂರು ಪಾಠ ಹೇಳಿ ಅಕ್ಕ. ಮಧ್ಯಾಹ್ನದ ನಿದ್ದೆ ಅರ್ಧಕ್ಕೇ ನಿಂತಿದೆ."