ಚಿಕ್ಕಪ್ಪನ ಮೂರು ಮುಖ ಮತ್ತು ಒಂದು ಸೈರನ್

ಅವತ್ತು ಚಿಕ್ಕಪ್ಪನ ಮಗಳನ್ನು, ನಮ್ಮ ತಂಗಿಯನ್ನು, ನೋಡಲು ಗಂಡಿನ ಕಡೆಯವರು ಬಂದಿದ್ದರು. ಬಂಗಾರಪೇಟೆಯ ಚಿಕ್ಕಪ್ಪನ ಮನೆಯ ನಡುಮನೆಯಲ್ಲಿ ಹುಡುಗ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ, ಅವರ ಪಕ್ಕದಲ್ಲಿ ಹುಡುಗನ ಸೋದರಮಾವ. ಈ ಕಡೆ ಚಾಪೆಯ ಮೇಲೆ ನಾನು. ಅಡುಗೆಮನೆಯಲ್ಲಿ ಚಿಕ್ಕಮ್ಮ, ಪರದೆಯ ಹಿಂದೆ ತಂಗಿ. ಇನ್ನು ಗೋಡೆ ಪಕ್ಕದ ಒಂದೇ ಕುರ್ಚಿಯಲ್ಲಿ ಮೂರು ಜನ, ಅಂದರೆ ನಮ್ಮ ಚಿಕ್ಕಪ್ಪ.

ಲೆಕ್ಕ ತಪ್ಪಿಲ್ಲ. ನಮ್ಮ ಸೀಮೆಯಲ್ಲಿ ಮೂರು ಭಾಷೆ ಆಡುವುದು ದೊಡ್ಡ ವಿಷಯವೇನಲ್ಲ, ತರಕಾರಿ ಕೊಳ್ಳುವಷ್ಟರಲ್ಲಿ ಮೂರೂ ಮುಗಿದಿರುತ್ತವೆ. ಆದರೆ ಒಂದೊಂದು ಭಾಷೆಗೆ ಒಂದೊಂದು ಮುಖ ಇಟ್ಟುಕೊಂಡವನು ನಮ್ಮ ಚಿಕ್ಕಪ್ಪ ಒಬ್ಬನೇ. ಕನ್ನಡದಲ್ಲಿ ಅವನು ಸಿಡುಕ. ತೆಲುಗಿನಲ್ಲಿ ಸಾಧು. ತಮಿಳಿನಲ್ಲಿ ಶುದ್ಧ ಕೋಡಂಗಿ! ಅವನ ಬೈಕಿನ ಹಿಂದೆ ಕೂತು ಊರೂರು ಸುತ್ತಿದ ನನಗಲ್ಲದೆ ಇದು ಇನ್ಯಾರಿಗೆ ಗೊತ್ತಾಗಬೇಕು?

ಚಿಕ್ಕಪ್ಪ ಒಂದು ಖಾಸಗಿ ಹಾಲಿನ ಕಂಪನಿಯ ಬಂಗಾರಪೇಟೆ ಶಾಖೆಗೆ ಮ್ಯಾನೇಜರು. ಬೆಳಿಗ್ಗೆ ಕಾಮಸಮುದ್ರದ ಕಡೆ ಹಳ್ಳಿಗಳಿಗೆ ಹೋಗಿ, ಹಾಲು ನಮಗೇ ಹಾಕಿ ಎಂದು ರೈತರನ್ನು ಕೇಳಿಕೊಳ್ಳುವುದು ಅವನ ಕೆಲಸ. ಅಲ್ಲಿ ತೆಲುಗು. ಗಾಡಿ ನಿಲ್ಲಿಸುವಾಗಲೇ ಬೆನ್ನು ಬಾಗುತ್ತದೆ, ಕೈಗಳು ಕೂಡಿಕೊಳ್ಳುತ್ತವೆ. ಮೊದಲು ಎಮ್ಮೆಯ ಆರೋಗ್ಯ ವಿಚಾರಿಸಿ, ಆಮೇಲೆ ಮನೆಯವರದು ವಿಚಾರಿಸುತ್ತಾನೆ. ಎಮ್ಮೆ ತಲೆಯಾಡಿಸಿದರೆ ಅದಕ್ಕೂ ಒಂದು ನಮಸ್ಕಾರ. ಅಲ್ಲಿನ ಹೆಂಗಸರು ಮಕ್ಕಳಿಗೆ ಇವನನ್ನು ತೋರಿಸಿ, ಇದ್ದರೆ ಹೀಗಿರಬೇಕು ಎನ್ನುತ್ತಿದ್ದರಂತೆ.

ಇದೇ ಸಾಧು ಬಂಗಾರಪೇಟೆಯ ಆಫೀಸಿನ ಮೆಟ್ಟಿಲು ಹತ್ತಿದನೆಂದರೆ ಮುಗಿಯಿತು. ಹುಬ್ಬು ಎರಡೂ ಸೇರಿ ಒಂದಾಗುತ್ತವೆ. ಇಲ್ಲದ ಕೆಲಸ ಹುಡುಕಿಕೊಂಡು ಗುಮಾಸ್ತ ಹಾಲಿನ ಕ್ಯಾನುಗಳ ಹಿಂದೆ ಹೋಗುತ್ತಾನೆ. ಒಮ್ಮೆ ಕಾಮಸಮುದ್ರದ ರೈತನೊಬ್ಬ ಇವನನ್ನು ಹುಡುಕಿಕೊಂಡು ಆಫೀಸಿನ ಬಾಗಿಲವರೆಗೆ ಬಂದವನು, ಒಳಗಿನ ಬಿಗಿದ ಮುಖ ನೋಡಿ, ಕನ್ನಡದ ಗುಡುಗು ಕೇಳಿ ಹಾಗೇ ಹಿಂದಿರುಗಿದ. ಮರುದಿನ ನಾವು ಅವನ ಮನೆಗೆ ಹೋದಾಗ ಬಹಳ ಮರುಕದಿಂದ ಚಿಕ್ಕಪ್ಪನಿಗೇ ಹೇಳಿದ: “ನೀವು ಇರ್ಲಿಲ್ಲ ಸಾಮೀ. ನಿಮ್ಮಣ್ಣ ಇದ್ರು. ಪಾಪ, ಆವಯ್ಯನ ಜೊತೆ ಎಂಗೆ ಬಾಳ್ತೀರೋ.”

ಚಿಕ್ಕಪ್ಪ ಕೈಮುಗಿದು, ಎಲ್ಲ ದೇವರ ಇಚ್ಛೆ ಎಂದ!

ಮುಖ ಹಾಕಿಕೊಳ್ಳುವುದು ಮನುಷ್ಯರು ಮಾತ್ರವೇ? ಕಂಪನಿಗಳು ಕಡಿಮೆಯೇ? ಹೆಡ್ಡಾಫೀಸಿನಿಂದ ಸಾಹೇಬರು ಬರುತ್ತಾರೆ ಎಂದು ಗೊತ್ತಾದರೆ ಸಾಕು, ಚಿಕ್ಕಪ್ಪನ ಆಫೀಸು ಮದುವೆ ಹೆಣ್ಣಾಗುತ್ತದೆ. ನೆಲಕ್ಕೆ ಫಿನಾಯಿಲು, ಕೆಲಸಗಾರರಿಗೆ ಬಿಳಿ ಟೋಪಿ, ಗೋಡೆಗೆ ‘ರೈತರೇ ನಮ್ಮ ದೇವರು’ ಎಂಬ ಬೋರ್ಡು. ಒಂದು ಸಲ ಪಕ್ಕದ ಕಲ್ಯಾಣ ಮಂಟಪದಿಂದ ಕ್ರೋಟನ್ ಗಿಡದ ಕುಂಡಗಳನ್ನೂ ತಂದು ಸಾಲಾಗಿ ಇಡಿಸಿದ್ದ. ಸಾಹೇಬರು ಎಲೆ ಮುಟ್ಟಿ ಮುಟ್ಟಿ ಮೆಚ್ಚುತ್ತಿದ್ದಾರೆ, ಅಷ್ಟರಲ್ಲಿ ಮಂಟಪದ ಕಾವಲುಗಾರ ಬಂದು ನಿಂತ.

“ಸಾರ್, ಆರತಕ್ಷತೆಗೆ ಜನ ಬತ್ತಾವ್ರೆ, ಕುಂಡ ಕೊಡ್ತೀರಾ?”

ಚಿಕ್ಕಪ್ಪನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸುತ್ತಮುತ್ತಲಿನ ಶುಭಕಾರ್ಯಗಳಿಗೆ ನಮ್ಮ ಶಾಖೆಯಿಂದ ಕುಂಡ ಕೊಟ್ಟು ಸಹಕರಿಸುವ ಪದ್ಧತಿ ಇದೆ ಎಂದು ಸಾಹೇಬರಿಗೆ ವಿವರಿಸಿದ. ಸಾಹೇಬರು ಸ್ವಲ್ಪ ಹೊತ್ತು ಅವನನ್ನೇ ನೋಡಿ, ಮೆತ್ತಗೆ ಕಿವಿಯ ಹತ್ತಿರ ಬಂದರು. “ನಮ್ಮಲ್ಲೂ ಮೇಲಿನವರು ಬಂದಾಗ ಬಾಡಿಗೆಗೇ ತರಿಸೋದು. ಇಲ್ಲಿ ಎಲೆ ಚೆನ್ನಾಗಿದೆ.”

ಇನ್ನು ಸಂಜೆಯ ಮುಖ. ಹಾಲಿನ ರೂಟ್ ನೋಡಿಕೊಂಡು ಬರುತ್ತೇನೆಂದು ಚಿಕ್ಕಮ್ಮನಿಗೆ ಹೇಳಿ ಇವನು ಹೋಗುತ್ತಿದ್ದದ್ದು ಆಂಡರ್ಸನ್‌ಪೇಟೆಯ ಒಂದು ಟೀ ಅಂಗಡಿಗೆ. ಅಲ್ಲಿ ತಮಿಳು. ಹಿಂದೆ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರೆಲ್ಲ ಬೆಂಚಿನ ಮೇಲೆ ಇವನಿಗಾಗಿ ಕಾಯುತ್ತಿರುತ್ತಾರೆ. ಅವನು ಯಾರ ನಡಿಗೆ, ಯಾರ ಕೆಮ್ಮು, ಯಾರ ಸೀನು ಬೇಕಾದರೂ ಮಾಡಿ ತೋರಿಸುತ್ತಾನೆ. ಆದರೆ ಎಲ್ಲರೂ ಕಾಯುವುದು ಸೈರನ್ನಿಗೆ. ಗಣಿ ನಡೆಯುತ್ತಿದ್ದಾಗ ಪಾಳಿ ಶುರುವಾದಾಗ, ಮುಗಿದಾಗ ಕೂಗುತ್ತಿತ್ತಲ್ಲ, ಅದು. ಅಲ್ಲಿಯವರು ಅದನ್ನು ಸಂಗು ಎನ್ನುತ್ತಾರೆ, ಇವನನ್ನೂ ಹಾಗೇ ಕರೆಯುತ್ತಾರೆ. ಚಿಕ್ಕಪ್ಪ ಎರಡು ಕೈಯನ್ನೂ ಬಾಯಿಗೆ ಬೊಗಸೆ ಮಾಡಿಕೊಂಡು, ಹೊಟ್ಟೆಯ ಆಳದಿಂದ ಎತ್ತಿ, ಬೀದಿಯ ಕೊನೆಯವರೆಗೆ ಎಳೆಯುತ್ತಾನೆ. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೂ ಆ ಹಿರಿಯರಲ್ಲಿ ಒಬ್ಬಿಬ್ಬರ ಕೈ ತಾನಾಗಿಯೇ ಊಟದ ಡಬ್ಬಿಗೆ ತಡಕಾಡುತ್ತದೆ. ಆಮೇಲೆ ಎಲ್ಲರೂ ನಗುತ್ತಾರೆ, ಇನ್ನೊಂದು ಟೀ ಹೇಳುತ್ತಾರೆ.

ಹಾಗಾದರೆ ಮನೆಯಲ್ಲಿ ಯಾವ ಮುಖ? ಯಾವುದೂ ಇಲ್ಲ! ಅಂಗಿಯ ಜೊತೆ ಮೂರನ್ನೂ ಮೊಳೆಗೆ ನೇತುಹಾಕಿ, ಪೇಪರು ಹಿಡಿದು ಕೂರುತ್ತಿದ್ದ. ಚಿಕ್ಕಮ್ಮ ಏನು ಕೇಳಿದರೂ ಒಂದು ‘ಹ್ಞೂಂ’ ಇಲ್ಲವೇ ಒಂದು ‘ಉಹ್ಞೂಂ’. ಪಾಪ, ಇವರಿಗೆ ಮಾತೇ ಬರುವುದಿಲ್ಲ ಎಂದು ಅವಳು ಬೂದಿಕೋಟೆಯ ತವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ಆ ನಡುಮನೆಗೆ ಬನ್ನಿ. ಹುಡುಗ ಆಂಡರ್ಸನ್‌ಪೇಟೆಯವನು, ಮೇಷ್ಟ್ರು, ಮನೆಮಾತು ನಮ್ಮಂತೆ ಕನ್ನಡವೇ. ತಂಗಿಗೆ ಫೋಟೋದಲ್ಲೇ ಇಷ್ಟವಾಗಿಬಿಟ್ಟಿದ್ದ. ಈ ಸಂಬಂಧ ತಪ್ಪಿದರೆ ಇನ್ನು ಯಾರನ್ನೂ ತೋರಿಸಬೇಡಿ ಎಂದು ಚಿಕ್ಕಮ್ಮನ ಹತ್ತಿರ ಹೇಳಿದ್ದಳು. ಚಿಕ್ಕಪ್ಪನಿಗೂ ಅದು ಗೊತ್ತಿತ್ತು. ಹೆಣ್ಣಿನ ತಂದೆ ಅಂದಮೇಲೆ ಗಂಭೀರವಾಗಿರಬೇಕಲ್ಲ? ಆಫೀಸಿನ ಮುಖವನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಕೂತಿದ್ದ.

ಅಷ್ಟರಲ್ಲಿ ಹುಡುಗನ ಸೋದರಮಾವ ಕನ್ನಡಕ ಸರಿಮಾಡಿಕೊಂಡು ಇವನನ್ನೇ ನೋಡಿದರು. ಮುಖ ಅರಳಿತು. “ಅರೆ, ನಮ್ಮ ಸಂಗು ಅಲ್ವೇನಪ್ಪಾ ನೀನು? ಇದೇನಾ ನಿನ್ನ ಮನೆ?”

ಟೀ ಅಂಗಡಿಯ ಬೆಂಚಿನವರು! ನಾನೂ ಆಗಲೇ ಗುರುತು ಹಿಡಿದದ್ದು. ಚಿಕ್ಕಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಹುಬ್ಬು ಇನ್ನೂ ಬಿಗಿಯಿತು.

“ತಾವು ಯಾರೋ ಗೊತ್ತಾಗಲಿಲ್ಲ” ಎಂದ.

ಆ ಹಿರಿಯರು ಕಾಫಿ ಲೋಟವನ್ನು ಕೆಳಗಿಟ್ಟರು. ಕೋಪವೇನೂ ಕಾಣಲಿಲ್ಲ, ಅದೇ ಭಯವಾಗುವಂತಿತ್ತು. “ದಿನಾ ಪಕ್ಕದಲ್ಲಿ ಕೂತು ಟೀ ಕುಡಿಯೋನ್ನ ಯಾರು ಅಂತಾನೆ. ನಾಳೆ ನಮ್ಮುಡುಗನ್ನ ಯಾರು ಅಂದ್ರೆ ಏನ್ಮಾಡಾದು? ಏಳಮ್ಮ ತಂಗೀ, ಓಗಾನ.”

ಹುಡುಗನ ತಾಯಿ ಎದ್ದರು. ಹುಡುಗ ಪರದೆಯ ಕಡೆ ನೋಡುತ್ತಾ ಮೆಲ್ಲಗೆ ಎದ್ದ. ಪರದೆಯ ಹಿಂದೆ ಅಲ್ಲಿಯವರೆಗೆ ಕಿಣಿಕಿಣಿ ಎನ್ನುತ್ತಿದ್ದ ಬಳೆಗಳು ನಿಂತವು. ಹಿರಿಯರು ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು, ಇನ್ನೊಂದನ್ನು ಹುಡುಕುತ್ತಿದ್ದರು. ಚಿಕ್ಕಪ್ಪ ಪರದೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಏನು ಹೇಳಲಿ? ಬೈಕಿನ ಹಿಂದೆ ಕೂರುವವನು ದಾರಿ ಹೇಳುವುದುಂಟೇ?

ಚಿಕ್ಕಪ್ಪ ಎದ್ದು ನಿಂತ. ಎರಡು ಕೈ ಬೊಗಸೆಯಾಗಿ ಬಾಯಿಗೆ ಹೋದವು.

ಆ ಸದ್ದು ಆ ಮನೆಯಲ್ಲಿ ಹಿಂದೆಂದೂ ಎದ್ದಿರಲಿಲ್ಲ. ಶೆಲ್ಫಿನ ಲೋಟಗಳು ಅದುರಿದವು. ಎದುರುಮನೆ ನಾಯಿ ದನಿಗೂಡಿಸಿತು. ಹಿರಿಯರು ಒಂಟಿ ಚಪ್ಪಲಿಯಲ್ಲಿ ಹಾಗೇ ನಿಂತರು. ಸದ್ದು ಇಳಿದು ನಿಂತ ಮೇಲೂ ಬೆನ್ನು ತಿರುಗಿಸಿಯೇ ಇದ್ದರು. ಆಮೇಲೆ ಕೇಳಿದರು: “ಪಾಳಿ ಮುಗೀತಾ, ಸುರುವಾತಾ?”

“ಈಗ ಸುರುವಾತಣ್ಣ. ಒಳಕ್ಕೆ ಬಾ” ಎಂದ ಚಿಕ್ಕಪ್ಪ. ಕನ್ನಡದಲ್ಲಿ ಅವನು ತಮಾಷೆಯಾಗಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಿರಿಯರು ಚಪ್ಪಲಿ ಬಿಟ್ಟರು. ನಗು ಮೊದಲು ಪರದೆಯ ಹಿಂದಿನಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಕೇಸರಿಬಾತಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನೂ ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ಯಾರಿಗೆ ಎಂದಿಲ್ಲದೆ ಹೇಳಿದಳು: “ಇವ್ರಿಗೆ ಇದೆಲ್ಲ ಬತ್ತದೆ ಅಂತ ನಂಗ್ಯಾರೂ ಯೋಳ್ಲೇ ಇಲ್ಲ.”

ಚಿಕ್ಕಪ್ಪ ತಲೆ ತಗ್ಗಿಸಿದ. ಆಮೇಲೆ ಹೋಗಿ ಅವಳ ಕೈಯ ತಟ್ಟೆ ತೆಗೆದುಕೊಂಡು ತಾನೇ ಎಲ್ಲರಿಗೂ ಹಂಚಿದ.

ಮದುವೆ ಆಫೀಸಿನ ಪಕ್ಕದ ಆ ಕಲ್ಯಾಣ ಮಂಟಪದಲ್ಲೇ ಆಯಿತು. ಕ್ರೋಟನ್ ಕುಂಡಗಳು ಬಾಗಿಲಲ್ಲೇ ಇದ್ದವು, ಈ ಸಲ ಯಾರೂ ವಾಪಸ್ ಕೇಳಲಿಲ್ಲ. ತಂಗಿ ಈಗ ಆಂಡರ್ಸನ್‌ಪೇಟೆಯಲ್ಲಿ ಸುಖವಾಗಿದ್ದಾಳೆ, ಮನಸ್ಸು ಬಂದಾಗ ಆಟೋ ಹತ್ತಿ ತವರಿಗೆ ಬರುತ್ತಾಳೆ.

ಮೊನ್ನೆ ಮಧ್ಯಾಹ್ನ ನಾನು ಬಂಗಾರಪೇಟೆಗೆ ಹೋಗಿದ್ದೆ. ಗೇಟಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಸೈರನ್ ಕೇಳಿಸಿತು. ಶುರು ತೀರಾ ತೆಳುವಾಗಿತ್ತು, ನಡುವೆ ಉಸಿರು ಸಾಲದೆ ಕೆಮ್ಮಿತು. ಕಿಟಕಿಯಿಂದ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯನ್ನು ಬೊಗಸೆ ಮಾಡಿಕೊಂಡು ಊದುತ್ತಿದ್ದವಳು ಚಿಕ್ಕಮ್ಮ. ಚಿಕ್ಕಪ್ಪ ಪೇಪರು ಮಡಿಸಿಟ್ಟು, ಕೈ ತೊಳೆದುಕೊಂಡು ಊಟಕ್ಕೆ ಹೋದ.