ಸುಬ್ರಮಣಿಯ ಸೆಂಟಿಮೆಂಟ್ ಕೌದಿ

ಭೂಮಿಯ ಮೇಲೆ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಗಳಿಗಾಗಿ ಹನ್ನೆರಡು ವರ್ಷದ ಪಂಚವಾರ್ಷಿಕ ಯೋಜನೆ ಹಾಕಿದ ಅಪ್ಪ ತಾನೊಬ್ಬನೇ ಎಂದು ಚಿಕ್ಕಬಾಣಾವರದ ಹತ್ತಿರದ ಸಿಂಗಾಪುರದ ಸುಬ್ರಮಣಿಗೆ ಖಾತ್ರಿಯಿತ್ತು. ಖಾತ್ರಿ ಅವನೊಬ್ಬನಿಗೇ ಇದ್ದರೆ ಊರಿಗೆ ತೊಂದರೆ ಇರಲಿಲ್ಲ. ಅವನು ಅದನ್ನು ಹಾಲಿನ ಬೂತಿನಿಂದ ಹಿಡಿದು ಸೆಲೂನಿನವರೆಗೆ ಎಲ್ಲರಿಗೂ ಹಂಚಿಬಿಟ್ಟಿದ್ದ.

ಶಪಥ ನಡೆದದ್ದು ಮಗಳು ನಯನಾ ಎಲ್‌ಕೆಜಿಗೆ ಸೇರಿದ ದಿನ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಸುಬ್ರಮಣಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಯಾವುದೋ ದೇಶದ ತಾಯಿಯೊಬ್ಬಳು ಮಗನ ಹಳೇ ಅಂಗಿಗಳನ್ನೆಲ್ಲ ಕೂಡಿಟ್ಟು, ಅವನ ಓದು ಮುಗಿದ ದಿನ ಅವುಗಳಿಂದಲೇ ಒಂದು ಹೊದಿಕೆ ಹೊಲಿದು ಕೊಡುತ್ತಾಳೆ. ಮಗ ಅಳುತ್ತಾನೆ, ತಾಯಿ ಅಳುತ್ತಾಳೆ. ಇಲ್ಲಿ ಸುಬ್ರಮಣಿಯೂ ಅತ್ತ. ಕಾಫಿ ಆರಿ ತಣ್ಣಗಾಯಿತು.

"ವನಿತಾ, ಕೇಳಿಸ್ಕೋ. ವರ್ಷಕ್ಕೊಂದು ಯೂನಿಫಾರ್ಮ್ ನನ್ನ ಕೈಯಾರೆ ಎತ್ತಿಡ್ತೀನಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಲ್ಲಾ ಸೇರಿಸಿ ಕೌದಿ ಹೊಲಿಸಿ ಕೊಡ್ತೀನಿ. ಅವತ್ತು ಅವಳು ಅಳ್ಬೇಕು, ನೀನು ಅಳ್ಬೇಕು, ಬಂದಿರೋ ನೆಂಟರೆಲ್ಲಾ ಅಳ್ಬೇಕು."

"ಆಮೇಲಿನ ಅಳು ಆಮೇಲೆ. ಈಗ ಸ್ಕೂಲಿಗೆ ಹೋಗಲ್ಲ ಅಂತ ಗೇಟ್ ಹಿಡ್ಕೊಂಡು ಅಳ್ತಿದಾಳೆ, ಬಂದು ಬಿಡಿಸಿ" ಎಂದಳು ವನಿತಾ.

ಹೆಂಡತಿ ಎಂದರೆ ಹೀಗೆ, ಮಹಾಕಾರ್ಯದ ಮೊದಲ ಸಾಲಿಗೇ ಒಂದು ಅಪಶಕುನದ ಸೀನು.

ಸುಬ್ರಮಣಿಯನ್ನು ನೋಡಿ ನಗುವ ಮೊದಲು ಅವನ ಕಷ್ಟವನ್ನೂ ಕೇಳಬೇಕು. ಅಜ್ಜನ ಕಾಲದ ರಾಗಿ ಹೊಲ ಲೇಔಟ್ ಆದಮೇಲೆ ಅವನು ಸಣ್ಣಪುಟ್ಟ ಮನೆ ಕಟ್ಟಿಸುವ ಬಿಲ್ಡರ್ ಆಗಿದ್ದ. ಬೆಳಿಗ್ಗೆ ಮರಳಿನ ಲಾರಿ, ಮಧ್ಯಾಹ್ನ ಮೋಲ್ಡಿಂಗು, ಸಾಯಂಕಾಲ ಪ್ಲಂಬರ್ ಹುಡುಕಾಟ. ಮಗಳ ಸ್ಕೂಲ್ ಡೇಗೆ ಹೋಗುತ್ತೇನೆಂದು ಹೊರಟ ದಿನವೇ ಕಾಂಕ್ರೀಟ್ ಬರುತ್ತಿತ್ತು. ಒಮ್ಮೆ ಹಟ ಹಿಡಿದು ಪೇರೆಂಟ್ಸ್ ಮೀಟಿಂಗಿಗೆ ಹೋದ. ಹೋದವನು ತಪ್ಪು ಕ್ಲಾಸಿನಲ್ಲಿ ಕೂತು, ಬೇರೆ ಯಾರದೋ ಮಗನ ಗಣಿತಕ್ಕಾಗಿ ಮೇಡಂ ಕೈಲಿ ಚೆನ್ನಾಗಿ ಬೈಸಿಕೊಂಡು, "ಇನ್ಮೇಲೆ ಮನೇಲಿ ಕೂರಿಸಿ ಓದಿಸ್ತೀನಿ ಮೇಡಂ" ಎಂದು ಕೈಮುಗಿದು ಬಂದಿದ್ದ. ಮಗಳು ಯಾವ ಸೆಕ್ಷನ್ ಎಂದು ಕೇಳಿದರೆ ಇಂದಿಗೂ ತಡಬಡಾಯಿಸುತ್ತಾನೆ. ಹೀಗಿರುವಾಗ ಆ ಒಂದು ಯೂನಿಫಾರ್ಮ್ ಎತ್ತಿಡುವ ಕೆಲಸವನ್ನಾದರೂ ತಪ್ಪದೇ ಮಾಡಬೇಕು, ನಿನ್ನ ಶಾಲೆಯ ದಿನಗಳಲ್ಲಿ ನಾನೂ ಇದ್ದೆ ಕಣಮ್ಮ ಎಂದು ಅವಳಿಗೆ ತೋರಿಸಬೇಕು ಎನ್ನುವುದು ಅವನ ಒಳಗಿನ ಆಸೆ. ಈ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಜಂಬವನ್ನಾದರೆ ಊರಿಗೆಲ್ಲ ಹೇಳಬಹುದು, ಆಸೆಯನ್ನು ಹೇಳಲು ನಾಚಿಕೆ.

ಅಂತೂ ಪ್ರತಿ ಏಪ್ರಿಲ್ ತಿಂಗಳಲ್ಲಿ ರಿಸಲ್ಟ್ ಬಂದ ಮಾರನೇ ದಿನ ಆ ಶುಭಕಾರ್ಯ ನಡೆಯುತ್ತಿತ್ತು. ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮು, ಜೊತೆಗೆ ನಾಲ್ಕು ನುಸಿಗುಳಿಗೆ. ಸುಬ್ರಮಣಿ ಏಣಿ ಹತ್ತಿ, ಅಟ್ಟದ ಮೂಲೆಯಲ್ಲಿದ್ದ ದೊಡ್ಡ ಅಕ್ಕಿ ಚೀಲದ ಬಾಯಿಯನ್ನು ಅಂಗೈಯಗಲ ಬಿಚ್ಚಿ, ಯೂನಿಫಾರ್ಮನ್ನು ಒಳಗೆ ತುರುಕಿ, ಮತ್ತೆ ಗಂಟು ಬಿಗಿದು ಇಳಿಯುತ್ತಿದ್ದ. ಒಳಗೆ ಒಂದು ಸಲವೂ ನೋಡಿದವನಲ್ಲ. ದೇವರ ಹುಂಡಿಗೆ ಕಾಣಿಕೆ ಹಾಕಿದವರು ಒಳಗೆ ಇಣುಕುತ್ತಾರೆಯೇ? ಚೀಲ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿತ್ತು. ಅವನಿಗೆ ಅಷ್ಟು ಸಾಕಾಗಿತ್ತು.

ಹನ್ನೆರಡು ವರ್ಷ ಹೀಗೇ ಉರುಳಿ, ನಯನಾಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಮುಗಿಯಿತು. ಸುಬ್ರಮಣಿ ಹತ್ತನೇ ಕ್ಲಾಸಿನ ಯೂನಿಫಾರ್ಮ್ ಕೇಳಲು ಹೋದ.

"ಅದನ್ನ ಕೊಡಲ್ಲ ಅಪ್ಪಾ. ಲಾಸ್ಟ್ ಡೇ ಫ್ರೆಂಡ್ಸೆಲ್ಲಾ ಅದರ ಮೇಲೆ ಸೈನ್ ಮಾಡಿದಾರೆ. ನಾನೇ ಇಟ್ಕೋತೀನಿ."

ಹೋಗಲಿ, ಒಂದು ಹೋದರೆ ಏನಂತೆ, ಮಿಕ್ಕದ್ದೆಲ್ಲ ನನ್ನ ಭಂಡಾರದಲ್ಲಿದೆ ಎಂದು ಮೀಸೆ ತಿರುವಿಕೊಂಡು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಚೀಲ ಇಳಿಸಿದ. ಚಿಕ್ಕಬಾಣಾವರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಸಾಕಿಬ್‌ನ ಮುಂದೆ ಅದನ್ನು ಮಗುವನ್ನು ಮಲಗಿಸುವ ಹಾಗೆ ಇಳಿಸಿ, "ಕೌದಿ ಆಗ್ಬೇಕು. ಭಾನುವಾರ ಮನೇಲಿ ಫಂಕ್ಷನ್. ಗಿಫ್ಟ್ ಪೇಪರ್ ಸುತ್ತಿ ಕಳ್ಸು, ಯಾರಿಗೂ ಹೇಳ್ಬೇಡ. ನಾನೂ ಮಗಳ ಜೊತೆಗೇ ಮೊದಲ ಸಲ ನೋಡ್ಬೇಕು" ಎಂದು ಹೇಳಿ ಬಂದ.

ಅವತ್ತು ಸಾಯಂಕಾಲವೇ ಸಾಕಿಬ್ ಫೋನ್ ಮಾಡಿದ.

"ಅಣ್ಣಾ, ಚೀಲ ಬಿಚ್ಚಿದೆ. ಇದರಲ್ಲಿರೋದೆಲ್ಲಾ ಹಾಕ್ಬೇಕಾ?"

"ಎಲ್ಲಾ ಹಾಕ್ಬೇಕು. ಒಂದು ಪೀಸೂ ಬಿಡಂಗಿಲ್ಲ."

"ಕೆಲವು ತೂತು ಬಿದ್ದಿದೆ ಅಣ್ಣಾ."

"ಮಗು ಆಡಿ ಬೆಳೆದಿರೋ ಬಟ್ಟೆ ಕಣೋ, ತೂತು ಬೀಳ್ದೆ ಇರತ್ತಾ?"

ಆ ಕಡೆ ಸಾಕಿಬ್ ಚೀಲ ತಡಕಾಡುವ ಸದ್ದು ಕೇಳಿಸಿತು. "ಒಂದರಲ್ಲಿ ಲಾಡಿ ಇದೆ ಅಣ್ಣಾ. ಕಿತ್ತು ಹಾಕ್ಲಾ?"

ಪಿಟಿ ಪ್ಯಾಂಟು ಇರಬೇಕು ಎಂದುಕೊಂಡ ಸುಬ್ರಮಣಿಗೆ ಕಣ್ಣು ತುಂಬಿ ಬಂತು. "ಲಾಡಿನೂ ಇರ್ಲಿ. ಅದನ್ನ ಮಧ್ಯದಲ್ಲೇ ಕಾಣೋ ಹಂಗೆ ಹಾಕು. ಸೆಂಟಿಮೆಂಟು ನಿಂಗೆ ಗೊತ್ತಾಗಲ್ಲ."

"ಸರಿ ಅಣ್ಣಾ, ನಿಮ್ಮಿಷ್ಟ" ಎಂದು ಸಾಕಿಬ್ ಫೋನ್ ಇಟ್ಟ.

ಶನಿವಾರ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಲು ಹೋದ ವನಿತಾ ಏಣಿಯ ಮೇಲೇ ನಿಂತುಬಿಟ್ಟಳು. "ರೀ, ಇಲ್ಲಿದ್ದ ಚೀಲ ಎಲ್ಲಿ?"

"ಹೋಗ್ಬೇಕಾದ ಕಡೆ ಹೋಗಿದೆ" ಎಂದ ಸುಬ್ರಮಣಿ ಗಂಭೀರವಾಗಿ.

"ಬಿಚ್ಚಿ ನೋಡಿದ್ರಾ?"

"ಯಾಕೆ ನೋಡ್ಬೇಕು? ನಂಬಿಕೆ ಅಂತ ಒಂದಿರತ್ತೆ."

ವನಿತಾಳ ಮುಖ ಬಿಳುಚಿತು. ಇಳಿದು ಬಂದು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಸುಬ್ರಮಣಿಯ ತಾಯಿ ಅಕ್ಕಯ್ಯಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು. ಆಮೇಲೆ ವನಿತಾ ಮೂರು ನಾಲ್ಕು ಸಲ "ರೀ, ನಿಮ್ಮ ಹತ್ರ ಒಂದು ಮಾತು" ಎಂದು ಬಂದಳು. ಹೆಂಡತಿ ಈಗಲೇ ಭಾವುಕಳಾಗಿದ್ದಾಳೆ, ಹೊಗಳಿಕೆ ನಾಳೆಗೆ ಇರಲಿ ಎಂದು ಸುಬ್ರಮಣಿ ಪ್ರತಿ ಸಲವೂ ಕೈಯೆತ್ತಿ ತಡೆದ. ಕೌದಿ ಹೊಲಿಯುವವನು ಅವನೇ ಇರಬೇಕೆಂದು ಅವಳು ಸಾಕಿಬ್‌ಗೂ ಫೋನ್ ಮಾಡಿದಳಂತೆ. "ಸರ್‌ಪ್ರೈಸ್ ಅಕ್ಕಾ, ಅಣ್ಣ ಯಾರಿಗೂ ಹೇಳ್ಬೇಡ ಅಂದಿದಾರೆ" ಎಂದು ಆ ಪ್ರಾಮಾಣಿಕ ಮನುಷ್ಯ ಬಾಯಿ ಬಿಡಲಿಲ್ಲ.

ಭಾನುವಾರ ಟೆರೇಸಿನ ಮೇಲೆ ಶಾಮಿಯಾನ ಏರಿತು. ಬೋಂಡ, ಕೇಸರಿಬಾತು, ಎರಡು ಕಡೆಯ ನೆಂಟರು, ಕೆಳಮನೆಯ ಬಾಡಿಗೆದಾರರು. ಮಾಕಳಿಯಿಂದ ಷಡ್ಡಕ ಅಶ್ವತ್ಥ್ ಬಂದಿದ್ದ. ಅವನ ಮಗಳದೂ ಇದೇ ವರ್ಷ ಎಸ್ಸೆಸ್ಸೆಲ್ಸಿ.

"ನಾನು ನಮ್ಮ ಹುಡುಗಿಗೆ ಹೊಸ ಫೋನ್ ಕೊಡಿಸ್ದೆ ಗುರು. ನೀನೇನು ಕೊಡ್ತಿದೀಯಾ?"

"ಅಂಗಡೀಲಿ ಸಿಗೋದನ್ನ ಯಾರ್ ಬೇಕಾದ್ರೂ ಕೊಡ್ತಾರೆ ಅಶ್ವತ್ಥ್. ನಾನು ಕೊಡೋದು ನೋಡು. ಕರ್ಚೀಫ್ ತಂದಿದೀಯ ತಾನೇ?"

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬಾಯಿ ಸುಮ್ಮನಿದ್ದರೆ ಅದು ಸುಬ್ರಮಣಿಯ ಬಾಯಿ ಹೇಗಾದೀತು? ಮೈಕು ಹಿಡಿದು ಪೀಠಿಕೆ ಹಾಕಿದ. "ಇದರಲ್ಲಿ ನನ್ನ ಮಗಳ ಬಾಲ್ಯ ಇದೆ. ಪ್ರತಿಯೊಂದು ಪೀಸನ್ನೂ ನಾನೇ ನನ್ನ ಕೈಯಾರೆ ಕಾಪಾಡಿದೀನಿ. ನೋಡಿದ ತಕ್ಷಣ ನಿಮಗೇ ಗುರುತು ಸಿಗತ್ತೆ." ನಯನಾ ಗಿಫ್ಟ್ ಪೇಪರ್ ಹರಿದಳು. ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದು ತುದಿಯನ್ನು ಅವನು ಹಿಡಿದು ಎತ್ತಿ ಅಗಲಿಸಿದ.

ಗುರುತು ಸಿಕ್ಕಿತು. ಎಲ್ಲರಿಗೂ ಸಿಕ್ಕಿತು.

ನಟ್ಟನಡುವೆ, ಲಾಡಿ ಸಮೇತ, ಸುಬ್ರಮಣಿಯ ಪಟಾಪಟಿ ಚಡ್ಡಿ. ಅದರ ಎಡಕ್ಕೆ ಅವನ ಹಳೇ ಲುಂಗಿ, ಬಲಕ್ಕೆ ತೂತು ಬಿದ್ದ ಬನೀನು. ಸುತ್ತ ನಡುಮನೆಯ ಹಳೇ ಕರ್ಟನ್ನು, ಅಕ್ಕಯ್ಯಮ್ಮನ ನಶ್ಯ ಬಣ್ಣದ ಲಂಗ, ಯಾರದೋ ಮದುವೆಯಲ್ಲಿ ಕೊಟ್ಟ ಟವೆಲು. ಒಂದು ಅಂಚಿಗೆ ಬಟ್ಟೆ ಸಾಲದೆ ಸಾಕಿಬ್ ಅಕ್ಕಿ ಚೀಲವನ್ನೂ ಕತ್ತರಿಸಿ ಹೊಲಿದಿದ್ದ. ಅಲ್ಲಿ "ಸ್ಟೀಮ್ ರೈಸ್" ಎಂದು ಸ್ಪಷ್ಟವಾಗಿ ಓದಬಹುದಿತ್ತು. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು.

ಅಶ್ವತ್ಥ್ ನಿಜವಾಗಿಯೂ ಕರ್ಚೀಫ್ ತೆಗೆದು ಬಾಯಿಗೆ ಒತ್ತಿಕೊಂಡ. ಅವನ ಹೊಟ್ಟೆ ಕುಲುಕುತ್ತಿತ್ತು.

"ಗಣಪ್ಪನ್ನ ಮಾಡಾಕೋಗಿ ಅವ್ರಪ್ಪನ್ನ ಮಾಡ್ದಂಗಾಯ್ತು" ಎಂದಳು ಅಕ್ಕಯ್ಯಮ್ಮ. ಗಾದೆ ಇಷ್ಟು ಸರಿಯಾಗಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮಗಳ ಕೌದಿ ಮಾಡಲು ಹೋಗಿ ಅಪ್ಪನ ಕೌದಿಯೇ ತಯಾರಾಗಿತ್ತು.

"ವನಿತಾ, ಯೂನಿಫಾರ್ಮ್ ಎಲ್ಲಿ?" ಸುಬ್ರಮಣಿಯ ದನಿ ಮೈಕಿನಲ್ಲಿ ಹೊರಟು ಪಕ್ಕದ ಬೀದಿಗೂ ಕೇಳಿಸಿತು.

ವನಿತಾ ಮೊದಲು ಮೈಕು ಕಿತ್ತುಕೊಂಡು ಆಫ್ ಮಾಡಿದಳು. "ನಿನ್ನೆಯಿಂದ ಹೇಳೋಕೆ ಬರ್ತಿದೀನಿ, ಬಿಟ್ರಾ ನೀವು? ಒಂದೇ ವರ್ಷ ಹಾಕಿರೋ ಒಳ್ಳೇ ಬಟ್ಟೆ. ಅಟ್ಟದ ಮೇಲೆ ಹಲ್ಲಿ ಮೊಟ್ಟೆ ಇಡ್ಲಿ ಅಂತ ಬಿಡ್ಬೇಕಾ? ಕೆಳಗಡೆ ಮನೇಲಿ ಅದೇ ಸ್ಕೂಲಿಗೆ ಹೋಗೋ ಮಕ್ಕಳಿದಾವೆ. ನೀವು ಮೇಲಿಟ್ಟ ವಾರಕ್ಕೆ ನಾನು ಇಳಿಸಿ ಕೊಟ್ಬಿಡ್ತಿದ್ದೆ."

"ಮತ್ತೆ ಚೀಲ ದಪ್ಪ ಆಗ್ತಿತ್ತಲ್ಲ?"

"ಖಾಲಿ ಚೀಲ ನೋಡಿದ್ರೆ ಅತ್ತುಬಿಡ್ತೀರ ಅಂತ ಸಿಕ್ಕಿದ್ದು ತುಂಬ್ತಿದ್ದೆ. ಅತ್ತೆನೂ ಕೈ ಹಾಕಿದಾರೆ, ನನ್ನೊಬ್ಬಳನ್ನೇ ನೋಡ್ಬೇಡಿ."

ಅಕ್ಕಯ್ಯಮ್ಮ ಆಕಾಶ ನೋಡಿದಳು. ಕೆಳಮನೆಯ ಜೈಬುನ್ನೀಸಾ ಬೋಂಡದ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. "ಅಲ್ಲಾ ಅಣ್ಣಾ, ನಿಮಗೆ ಗೊತ್ತಿರ್ಲಿಲ್ವಾ? ಪ್ರತಿ ವರ್ಷ ಯೂನಿಫಾರ್ಮ್ ನೀವೇ ಕಳ್ಸಿದ್ದು ಅಂತ ವನಿತಮ್ಮ ಹೇಳ್ತಿದ್ರು. ನಮ್ಮ ಮೂರು ಮೊಮ್ಮಕ್ಕಳೂ ಅದ್ರಲ್ಲೇ ಓದಿದ್ದು. ದಿನಾ ನಮಾಜಲ್ಲಿ ನಿಮಗೂ ಸೇರಿಸಿ ದುವಾ ಕೇಳ್ತಿದ್ದೆ."

ಇದಕ್ಕೆ ಯಾರಿಂದ ತಾನೇ ಕೋಪ ಮಾಡಿಕೊಳ್ಳಲು ಆದೀತು? ಹನ್ನೊಂದು ವರ್ಷದಿಂದ ತನಗೇ ಗೊತ್ತಿಲ್ಲದೆ ದಾನಶೂರನಾಗಿದ್ದ ಸುಬ್ರಮಣಿ "ಹಂಗೇನಿಲ್ಲ, ಹಂಗೇನಿಲ್ಲ" ಎಂದು ತೊದಲಿದ. ಆದರೆ ಅವನ ಕಣ್ಣು ಮಗಳ ಮೇಲಿತ್ತು. ನಯನಾ ಕೌದಿಯ ತುದಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ನಡುಗುತ್ತಿತ್ತು. ಅವಳು ಅಳಬೇಕೆಂದು ಅವನು ಹನ್ನೆರಡು ವರ್ಷ ಕಾದದ್ದು ನಿಜ, ಆದರೆ ನೆಂಟರೆದುರು ಮರ್ಯಾದೆ ಹೋಗಿ ಅಳಲಿ ಎಂದಲ್ಲ. ಅವಳಿಗೆಂದು ಮಾಡಿದ ಒಂದೇ ಒಂದು ಕೆಲಸ, ಅದೂ ಹೀಗಾಯಿತು.

"ನಯನಾ, ಅಳ್ಬೇಡ ಕಣಮ್ಮಾ. ಬೇರೆ ಏನಾದ್ರೂ ಕೊಡಿಸ್ತೀನಿ. ಫೋನ್ ಬೇಕಾ?"

ನಯನಾ ಮುಖ ಎತ್ತಿದಳು. ಅವಳು ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. "ಅಪ್ಪಾ, ಆ ಯೂನಿಫಾರ್ಮ್‌ನ ಹನ್ನೆರಡು ವರ್ಷ ಹಾಕ್ಕೊಂಡಿದ್ದು ಸಾಲ್ದಾ? ಇನ್ನು ಅದನ್ನೇ ಹೊದ್ದುಕೊಂಡು ಮಲಗ್ಬೇಕಿತ್ತಾ? ಸದ್ಯ ಬಚಾವಾದೆ." ಆಮೇಲೆ ಲುಂಗಿಯ ಚೌಕದ ಮೇಲೆ ಬೆರಳಿಟ್ಟಳು. "ಇದು ನಂಗೆ ಸೈಕಲ್ ಕಲಿಸ್ವಾಗ ನೀನು ಉಟ್ಕೊಂಡಿದ್ದ ಲುಂಗಿ ಅಲ್ವಾ? ಚೈನಿಗೆ ಸಿಕ್ಕಿ ಹರಿದಿತ್ತು ನೋಡು, ಇಲ್ಲೇ. ರೋಡ್ ಮಧ್ಯ ಲುಂಗಿ ಹಿಡ್ಕೊಂಡೇ ನನ್ನ ಹಿಂದೆ ಓಡಿದ್ದೆ, ನಾನು ಬೀಳ್ತೀನಿ ಅಂತ."

ಸುಬ್ರಮಣಿಗೆ ಅದು ಮರೆತೇ ಹೋಗಿತ್ತು. ಅವಳು ಮರೆತಿರಲಿಲ್ಲ. ಹನ್ನೆರಡು ವರ್ಷದಿಂದ ಎದೆಯಲ್ಲಿ ಹೊತ್ತಿದ್ದ ಸಿಮೆಂಟಿನ ಮೂಟೆ ಇಳಿಸಿದ ಹಾಗಾಯಿತು. ಎಲ್ಲರೂ ಅಳಬೇಕೆಂದಿದ್ದ ದಿನ ಅಳುವವನು ಅವನೊಬ್ಬನೇ ಆಗಿ, ಟೆರೇಸಿನ ಮೇಲೆ ಎಲ್ಲರೆದುರು ಗಳಗಳ ಅತ್ತ. ನೆಂಟರು ನಕ್ಕರು, ವನಿತಾ ಸೆರಗು ಕೊಟ್ಟಳು, ಅಶ್ವತ್ಥ್ ಇನ್ನೊಂದು ತಟ್ಟೆ ಕೇಸರಿಬಾತು ಹಾಕಿಸಿಕೊಂಡ.

ಮಾರನೇ ದಿನ ಮಧ್ಯಾಹ್ನ ಸೆಕೆಗೆ ನಯನಾ ನಡುಮನೆಯ ನೆಲದ ಮೇಲೆ ಕೌದಿ ಹಾಸಿಕೊಂಡು, ಚಡ್ಡಿಯ ಭಾಗವನ್ನು ಜಾಣತನದಿಂದ ಕಾಲ ಕಡೆ ಮಾಡಿಕೊಂಡು ಬಿದ್ದುಕೊಂಡಿದ್ದಳು. ಊಟಕ್ಕೆ ಬಂದ ಸುಬ್ರಮಣಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೌಕ ತಡವತೊಡಗಿದ.

"ಏನಪ್ಪಾ ಹುಡುಕ್ತಿದೀಯಾ?"

"ಇಷ್ಟು ವರ್ಷ ಏಣಿ ಹತ್ತಿದೀನಲ್ಲ. ಒಂದಾದ್ರೂ ಯೂನಿಫಾರ್ಮ್ ಪೀಸ್ ಉಳಿದಿದ್ಯೇನೋ ಅಂತ."

"ಓ, ಇದೆಯಲ್ಲ" ಎಂದು ನಯನಾ ಎದ್ದು ಕೂತು, ಮೂಲೆಯಲ್ಲಿದ್ದ ಒಂದು ಖಾಕಿ ಚೌಕ ತೋರಿಸಿದಳು.

ಸುಬ್ರಮಣಿಯ ಮುಖ ಅರಳಿತು. "ನೋಡ್ದ್ಯಾ, ನಾನು ಇಟ್ಟಿದ್ದು ಒಂದಾದ್ರೂ ಉಳೀತು. ಯಾವ ಕ್ಲಾಸಿಂದಮ್ಮಾ ಇದು?"

"ಏಳನೇ ಕ್ಲಾಸಿಂದು. ಆದರೆ ನಂದಲ್ಲಪ್ಪಾ, ನಿಂದು. ನಿನ್ನ ನಿಕ್ಕರಂತೆ, ಅಜ್ಜಿ ಟ್ರಂಕಲ್ಲಿ ಇಟ್ಟಿದ್ರಂತೆ. ಎರಡು ವರ್ಷ ಒಂದೇ ಕ್ಲಾಸಿಗೆ ಹಾಕ್ಕೊಂಡು ಹೋಗಿದ್ದಕ್ಕೇ ಹಿಂದೆ ಇಷ್ಟು ಸವೆದಿದೆ ಅಂದ್ರು." ನಯನಾ ಅವನ ಮುಖವನ್ನೇ ನೋಡಿದಳು. "ಎರಡು ವರ್ಷ ಯಾಕಪ್ಪಾ?"

ಸುಬ್ರಮಣಿಗೆ ಸೈಟಿನಲ್ಲಿ ಕಾಂಕ್ರೀಟ್ ಬರುವುದಿದೆ ಎಂದು ಆಗಲೇ ನೆನಪಾಯಿತು.