ತಾಟಿನ ಮ್ಯಾಲಿನ ಪದ್ಮಾವತಿ

ನಾ ಓದಿದ ಡಿಗ್ರಿಯೊಳಗ ಮೂರು ವಿಷಯ: ಸಿನಿಮಾ, ಮಾಧ್ಯಮ, ಮಾತಿನ ತೊಂದರಿ. ಒಂದು ಕ್ರಿಶ್ಚಿಯನ್ ಯುನಿವರ್ಸಿಟಿಯವರು ಮೂರನ್ನೂ ಒಂದೇ ಗಂಟು ಕಟ್ಟಿ ಕೊಟ್ಟಾರ. ಯಾವುದರೆ ಒಂದೇ ಓದಿದ್ದರ ನನ್ನ ಬಾಳು ನೆಟ್ಟಗ ಇರ್ತಿತ್ತು. ಮೂರೂ ಕೂಡಿದ್ದಕ್ಕ, ನಾ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಗ ಬಿದ್ದರ ಸಾಕು, ಏನರೆ ಒಂದು ಆಗೇ ಆಗ್ತದ.

ತಾಟು ಯಾರದು

ನಮ್ಮೂರು ಸೇಡಂ. ಅಪ್ಪ ಗುಡಿಯೊಳಗ ಪೂಜಿ ಮಾಡ್ತಾರ. ಮಂತ್ರ ಹೇಳಿದರಂದ್ರ ನಳದ ನೀರು ಬಿಟ್ಟಂಗ. ಆದರ ಮಾತಾಡಲಿಕ್ಕೆ ಬಾಯಿ ತೆರೆದರ ಉಗ್ಗು. ಹಂಗಾಗಿ ಮನ್ಯಾಗ ಅಪ್ಪನ ಮಾತೆಲ್ಲ ಅವ್ವನೇ ಆಡ್ತಾಳ, ತನ್ನ ಮಾತೂ ಆಡ್ತಾಳ. ಫೋನಂತೂ ಅಪ್ಪ ಮುಟ್ಟಂಗಿಲ್ಲ. ನಾ ಈ ಕೋರ್ಸ್ ಸೇರಿದ್ದೇ ಅವರ ಸಲುವಾಗಿ. ಒಮ್ಮೆರೆ ಅಪ್ಪ ನನ್ನ ಎದುರು ಕುಂತು ಮನಸ್ಸು ಬಿಚ್ಚಿ ಮಾತಾಡಬೇಕು, ಅದೊಂದೇ ನನ್ನ ಆಸಿ. ಇದನ್ನ ಯಾರ ಮುಂದೂ ಹೇಳಿರಲಿಲ್ಲ.

ಎದುರು ಮನಿ ಕಾಕು ಬಂದು, "ಪೂಜಾರಿ ಮಗಳು ಸಿನಿಮಾ ಕಲೀಲಿಕ್ಕೆ ಹೊಂಟಾಳಂತಲ್ರಿ?" ಅಂದರು. ಅವ್ವ, "ಸಿನಿಮಾ ಅಲ್ಲರಿ, ಮಾತು ಬರದವರಿಗೆ ಮಾತು ಬರಸೋದು" ಅಂದಳು. "ಹಂಗಾದ್ರ ಬಂದ್ ಮಾಡಸೋದೂ ಕಲಸ್ತಾರೇನು ಕೇಳ್ರಿ. ನಮ್ಮ ಮನಿಯವರನ್ನ ಕಳಸ್ತೀನಿ" ಅಂದರು ಕಾಕು.

ಅವ್ವ ಹಾಸ್ಟೆಲಿಗೆ ಕಟ್ಟಿಕೊಟ್ಟ ಸ್ಟೀಲ್ ತಾಟು, ಲೋಟದ ಮ್ಯಾಲ 'ಪದ್ಮಾವತಿ' ಅಂತ ಕೊರೆದದ. ನನ್ನ ಹೆಸರು ಸುಶೀಲಾ. ಪದ್ಮಾವತಿ ಅನ್ನೋರು ನಮ್ಮ ವಂಶದಾಗ ಯಾರೂ ಇಲ್ಲ. ಅವ್ವಗ ಕೇಳಿದರ "ನಿಮ್ಮಪ್ಪಗ ಕೇಳು" ಅಂತ ಮಾರಿ ತಿರುವತಾಳ. ಅಪ್ಪಗ ಕೇಳಿದರ ಅವರು ಗುಡಿಗೆ ಹೋಗಿಬಿಡ್ತಾರ.

ಹಾಸ್ಟೆಲಿನ ಸಿಸ್ಟರ್ ಭಾಳ ನ್ಯಾಯದ ಮನುಷ್ಯಾಳು. ಮೊದಲ ದಿನ ನನ್ನ ತಾಟು ನೋಡಿದರು, ನನ್ನ ಮಾರಿ ನೋಡಿದರು. ಮೂರು ವರ್ಷ ಪ್ರತಿ ಸೋಮವಾರ ಪ್ರಾರ್ಥನಾ ಮುಗಿದ ಮ್ಯಾಲ, "ಪದ್ಮಾವತಿ ಎಂಬುವರು ತಮ್ಮ ತಟ್ಟೆ ಬಂದು ತೆಗೆದುಕೊಂಡು ಹೋಗಬೇಕು" ಅಂತ ಹೇಳತಿದ್ದರು. ಪದ್ಮಾವತಿ ಬರಲೇ ಇಲ್ಲ.

ಸಂಡಿಗಿ ಜಾರೋ ಮನಿ

ಎರಡನೇ ವರ್ಷ ಶಹಾಬಾದ ಹತ್ತಿರದ ಭಂಕೂರದಾಗ ಮಾತಿನ ತಪಾಸಣಿ ಕ್ಯಾಂಪ್ ಹಾಕಿದ್ದರು. ಮಕ್ಕಳಿಗೆ ಚಿತ್ರ ತೋರಸೋದು, ಅವು ಹೆಸರು ಹೇಳೋದು, ನಾವು ಮಾರ್ಕ್ಸ್ ಹಾಕೋದು. ಪುಸ್ತಕದಾಗ ಮನಿ ಚಿತ್ರ ಇತ್ತು: ಇಳಿಜಾರ ಕೆಂಪು ಹೆಂಚು, ಮ್ಯಾಲೊಂದು ಹೊಗಿ ಕೊಳವಿ.

ಕಲ್ಲು ಕೆಲಸದವರ ಹುಡುಗಿ, ನಾಕು ವರ್ಷದ್ದು, ಚಿತ್ರ ತಿರುವಿ ತಿರುವಿ ನೋಡಿದಳು. "ಇದೇನವ್ವ?" ಅಂದೆ.

"ಗೊತ್ತಿಲ್ಲ."

"ಇದು ಮನಿ ಅಲ್ಲೇನು?"

"ಇದ್ಹೆಂಗ ಮನಿ ಆಗ್ತದರಿ? ಇದರ ಮ್ಯಾಲ ನಮ್ಮವ್ವ ಸಂಡಿಗಿ ಹಾಕಿದರ ಎಲ್ಲಾ ಜಾರಿ ನಾಯಿ ಮುಂದ ಬೀಳ್ತಾವ. ಮ್ಯಾಲ ಪರ್ಸಿ ಕಲ್ಲು ಎಲ್ಲದ? ನಮ್ಮಪ್ಪಗ ಹೇಳ್ರಿ, ಛಲೋದು ಕೂಡಸಿ ಕೊಡ್ತಾನ."

ಊರ ತುಂಬ ಚಪ್ಪಟ ಕಲ್ಲಿನ ಮಾಳಿಗಿ. ನಾ ಪುಸ್ತಕದ ಹಿಂದಿನ ಉತ್ತರ ನೋಡಿದೆ. 'ಮನೆ' ಅಂದರ ಒಂದು ಮಾರ್ಕ್, ಬ್ಯಾರೆ ಏನಂದರೂ ಸೊನ್ನಿ. ಸೊನ್ನಿ ಹಾಕಿದೆ. ಪುಸ್ತಕದ ಪ್ರಕಾರ ಆ ಹುಡುಗಿಗೆ ಇನ್ನೂ ಮಾತು ಬಂದಿಲ್ಲ.

ವಾಡಿಯ ಒಂದು ನಿಮಿಷ

ಸಿನಿಮಾ ಮಾಸ್ತರರು ಒಂದು ಕೆಲಸ ಕೊಟ್ಟರು: ಎಲ್ಲಿ ಶೂಟಿಂಗ್ ಮಾಡ್ತೀರೋ ಅಲ್ಲಿಯ ನಿಶ್ಶಬ್ದ ಒಂದು ನಿಮಿಷ ರೆಕಾರ್ಡ್ ಮಾಡಬೇಕು. ನಾ ಆರಿಸಿದ್ದು ವಾಡಿ. ಆ ಊರಾಗ ಮೂರೂ ದಿಕ್ಕಿನಿಂದ ರೈಲು ಬರ್ತಾವ, ನಾಕನೇ ದಿಕ್ಕಿನ್ಯಾಗ ಸಿಮೆಂಟ್ ಲಾರಿ.

ಸ್ಟೇಷನ್ ಹೊರಗ ಚಾದ ಅಂಗಡಿ ಚಾಚಾಗ ನನ್ನ ಕಷ್ಟ ಹೇಳಿದೆ. "ಬಸ್, ಇಷ್ಟೇ ಏನು ಬೇಟಿ? ನೀ ಮಷಿನ್ ಚಾಲೂ ಮಾಡು" ಅಂದರು. ಮಾಡಿದೆ. ಚಾಚಾ ಬೆಂಚಿನ ಮ್ಯಾಲ ಹತ್ತಿ ನಿಂತು, "ಏ, ಖಾಮೋಶ್! ಯಾರೂ ಮಾತಾಡಬ್ಯಾಡ್ರಿ! ಹುಡುಗಿ ಪರೀಕ್ಷಾ ಅದ! ಏ ಆಟೋ, ಹಾರ್ನ್ ಬಂದ್ ಕರ್! ಬಶೀರ್, ಕಪ್ಪು ಆಮ್ಯಾಲ ತೊಳಿ!" ಅಂತ ಒಂದು ನಿಮಿಷ ಪೂರ್ತಿ ಒದರಿದರು.

ಖರೇ ಹೇಳ್ತೀನಿ, ಮಂದಿಯೆಲ್ಲ ಸುಮ್ಮಾಗಿತ್ತು. ರೆಕಾರ್ಡಿನ್ಯಾಗ ಚಾಚಾ ಬಿಟ್ಟರ ಬ್ಯಾರೆ ಸಪ್ಪಳ ಇಲ್ಲ.

ಚಿತ್ತಾಪುರದ ಟೇಲರ್

ಕೊನೀ ಸೆಮಿಸ್ಟರಿಗೆ ಒಂದು ಸಿನಿಮಾ. ಉಗ್ಗೋರು ಒಬ್ಬರು ಹತ್ತು ನಿಮಿಷ ತಮ್ಮ ಕಥಿ ತಾವೇ ಹೇಳಬೇಕು. ಅದು ಆಗಲಿಲ್ಲಂದ್ರ ಡಿಗ್ರಿ ಇಲ್ಲ. ಅಪ್ಪಗ ಕೇಳೋ ಧೈರ್ಯ ನನಗಿಲ್ಲ. ಚಿತ್ತಾಪುರದ ಟೇಲರ್ ಕಾಕಾ ಒಪ್ಪಿಕೊಂಡರು. ಎಂಥಾ ಉಗ್ಗಂತೀರಿ, 'ಬಟನ್' ಅನ್ನೋದ್ರಾಗ ಬಟನ್ ಹಚ್ಚಿ ಮುಗೀತಿತ್ತು.

ಶೂಟಿಂಗ್ ದಿನ ಕಾಕಾ ಹೊಸ ಅಂಗಿ ಹಾಕ್ಕೊಂಡು ಕುಂತರು. ಕ್ಯಾಮೆರಾ ಚಾಲೂ ಆಯ್ತು. ಹತ್ತು ನಿಮಿಷ ಒಂದು ಕಡೆನೂ ತಡೀಲಿಲ್ಲ. ಮಂತ್ರಿಗಳ ಭಾಷಣ ಇದ್ದಂಗಿತ್ತು. ಬಂದ್ ಮಾಡಿ, "ಕಾಕಾ, ನಿಮ್ಮ ಉಗ್ಗು ಎಲ್ಲಿ ಹೋಯ್ತು?" ಅಂದೆ.

"ಎ-ಎಂಟು ದಿನ ಕ-ಕನ್ನಡಿ ಮುಂದ ಬಾಯಿಪಾಠ ಮಾ-ಮಾಡೀನವ್ವ. ನಮ್ಮ ಬೀ-ಬೀಗರು ನೋಡೋ ಸಿನಿಮಾ ಅಲ್ಲೇನು?"

ಮಾಸ್ತರರು ನೋಡಿ, "ಚೆನ್ನಾಗಿದೆ. ಉಗ್ಗುವವರು ಯಾವಾಗ ಬರ್ತಾರೆ?" ಅಂದರು.

ಹತ್ತನೇ ನಿಮಿಷ

ಸಿನಿಮಾ ಕೊಡಲಿಕ್ಕೆ ನಾಕು ದಿನ ಉಳಿದಿತ್ತು. ಸೇಡಂಕ ಬಂದು ಅವ್ವನ ಮುಂದ ಅಳಕೋತ ಕುಂತೆ. ಪೂಜಿ ಮುಗಿಸಿ ಬಂದ ಅಪ್ಪ ಬಾಗಿಲದಾಗ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು.

"ಅ-ಅಷ್ಟು ದೂರ ಯಾಕ ಹು-ಹುಡುಕತಿ? ನಾ ಇ-ಇಲ್ಲೇ ಇದ್ದೀನಲ್ಲ."

ನನಗ ಮತ್ತೊಮ್ಮೆ ಅಳು ಬಂತು, ಅದು ಬ್ಯಾರೆ ಅಳು. ಕ್ಯಾಮೆರಾ ಹಚ್ಚಿದೆ. "ಅವ್ವ, ಹತ್ತು ನಿಮಿಷ ಅಪ್ಪನ ಮಾತು ನೀ ಆಡಬ್ಯಾಡ" ಅಂದೆ. ಅವ್ವ ಸೆರಗು ಬಾಯಾಗ ತುರುಕಿಕೊಂಡು ನನ್ನ ಹಿಂದ ಕುಂತಳು.

"ಅಪ್ಪ, ನಿಮಗ ಎಲ್ಲಕ್ಕಿಂತ ಕಷ್ಟದ ಮಾತು ಯಾವುದು?"

ಅಪ್ಪ ಭಾಳ ಹೊತ್ತು ಒದ್ದಾಡಿದರು. "ಪ... ಪ-ಪ... ಪದ್ಮಾವತಿ."

ಅಪ್ಪ ನಿಧಾನಕ ಎಲ್ಲಾ ಹೇಳಿದರು. ಪದ್ಮಾವತಿ ಅಂತ ನನಗ ಹೆಸರಿಡಬೇಕನ್ನೋದು ಅಜ್ಜಿ ಆಸಿ. ಕೂಸನ್ನ ತೊಟ್ಟಿಲಿಗೆ ಹಾಕೋ ಮೊದಲೇ ತಾಟು, ಲೋಟದ ಮ್ಯಾಲ ಹೆಸರು ಕೊರಿಸಿ ತಂದಿದ್ದರಂತ. ಹೆಸರಿಡೋ ದಿನ ಅಪ್ಪ ಮಂತ್ರ ಸಲೀಸು ಹೇಳಿದರು, ಅಕ್ಕಿ ಮ್ಯಾಲ ಉಂಗುರಲೆ 'ಪದ್ಮಾವತಿ' ಅಂತ ಬರೆದರು. ಇನ್ನ ಕೂಸಿನ ಕಿವಿಯೊಳಗ ಮೂರು ಸಲ ಹೆಸರು ಹೇಳಬೇಕು. ಬಗ್ಗಿದರು. 'ಪ' ಅಂಬೋದು ಗಂಟಲದಾಗ ಕುಂತುಬಿಡ್ತು.

"ಮು-ಮುಹೂರ್ತ ಮುಗೀಲಿಕತ್ತಿತ್ತು. ಮಂದಿ ನೋ-ನೋಡಲಿಕತ್ತಿದ್ದರು. ತಲಿ ಎತ್ತಿದೆ. ಎದುರು ಗ್ವಾಡಿಗೆ ಕ-ಕ್ಯಾಲೆಂಡರ್ ಇತ್ತು, 'ಸುಶೀಲಾ ಸೀರಿ ಸೆಂಟರ್'. ಸುಶೀಲಾ ಅಂದೆ, ಬಂತು. ಮೂರು ಸಲ ಅಂದುಬಿಟ್ಟೆ. ಅಕ್ಕಿ ಮ್ಯಾಲಿಂದು ಕೈಲೆ ಅ-ಅಳಿಸಿದೆ. ತಾಟಿನ ಮ್ಯಾಲಿಂದು ಅಳಿಸಲಿಕ್ಕೆ ಬ-ಬರಲಿಲ್ಲ."

ಕ್ಲಾಸಿನ್ಯಾಗ ಎಲ್ಲಾ ಹುಡುಗೇರಿಗೆ ಹೊಸ ಹೊಸ ಹೆಸರು, ನನಗೊಬ್ಬಾಕಿಗೆ ಇಂಥಾ ಹಳೀ ಹೆಸರು ಅಂತ ಎಷ್ಟು ಸಲ ಬೈಕೊಂಡಿದ್ದೆ. ಅಪ್ಪನ ಬಾಯಾಗ ತಡೀದಂಗ ಬಂದ ಹೆಸರು ಅಂತ ಗೊತ್ತಾದ ಮ್ಯಾಲ ಅದರಷ್ಟು ಚಂದದ ಹೆಸರಿಲ್ಲ ಅನಿಸ್ತು.

ಅಪ್ಪಂದು ಒಂಬತ್ತು ನಿಮಿಷಕ್ಕ ಮುಗೀತು. ಹತ್ತನೇ ನಿಮಿಷ ನನ್ನ ಹಿಂದಿನಿಂದ ಬಂತು. ಅವ್ವ ಬಾಯಾಗಿನ ಸೆರಗು ತೆಗೆದಿದ್ದಳು.

"ಕ್ಯಾಲೆಂಡರೇನ್ರಿ?"

ಅಪ್ಪ ಹೌದಂತ ಗೋಣು ಹಾಕಿದರು.

"ನೀವು ಗುಲಬರ್ಗಾದಾಗ ಓದೋಮುಂದ ಯಾವಾಕಿನೋ ಸುಶೀಲಾ ಇದ್ದಿರಬೇಕು, ಅಕಿ ಹೆಸರೇ ಕೂಸಿಗಿಟ್ಟಾರ ಅಂತ ಇಪ್ಪತ್ತೊಂದು ವರ್ಷ ಹಲ್ಲು ಕಚ್ಚಿ ಬಾಳೇವು ಮಾಡೀನಲ್ರಿ!"

ಅಪ್ಪ ಬಾಯಿ ತೆರೆದರು. ಉಗ್ಗು ಸುದ್ದಾ ಬರಲಿಲ್ಲ.

"ಆ ಹಾಳಾದಾಕಿ ಹೆಸರಿನ ಅಂಗಡಿ ಅಂತ ಇಪ್ಪತ್ತೊಂದು ದೀಪಾವಳಿ ಅಲ್ಲಿ ಕಾಲಿಟ್ಟಿಲ್ಲ ನಾನು! ಏಳ್ರಿ, ಅಂಗಿ ಹಾಕ್ಕೊಳ್ರಿ. ಒಂದೊಂದೇ ವರ್ಷದ ಸೀರಿ ತೆಗಸೋಣು."